ಬೇಡದ ತುಂಡಿನ ಪಾಠ

ನಮ್ಮತ್ತೆಯ ಕೈಗೆ ಸಿಕ್ಕಿಯೂ ಆರ್‌ಎನ್‌ಎ ಪಾಠ ಕೇಳದೆ ಪಾರಾದವರು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲೂಕಿನಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ಶಾಲು ಹೊದಿಸಿ ಸನ್ಮಾನ ಮಾಡೋಣ! ಅಪ್ಪನ ಅಕ್ಕನಾದ ಈಕೆ ಕೊಪ್ಪದ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ನಿವೃತ್ತಿಯಾಗಿದ್ದು ಸಂಬಳಕ್ಕೆ ಮಾತ್ರ, ಪಾಠಕ್ಕಲ್ಲ.

ಶೃಂಗೇರಿ ಬಸ್ಸಿನ ಕಂಡಕ್ಟರ್ ಅತ್ತೆಗೆ ಟಿಕೆಟ್ ಹರಿದು ಕೊಟ್ಟವನೇ, "ಅರ್ಥ ಆಯ್ತು ಮೇಡಂ, ಪೂರ್ತಿ ಅರ್ಥ ಆಯ್ತು!" ಎಂದು ಹಿಂಬಾಗಿಲಿಗೆ ಓಡುತ್ತಾನೆ. ಅತ್ತೆ ಇನ್ನೂ ಬಾಯಿಯನ್ನೇ ತೆರೆದಿರುವುದಿಲ್ಲ! ಎನ್.ಆರ್. ಪುರದ ಹಲ್ಲಿನ ಡಾಕ್ಟರು ಅವರ ಬಾಯಿಗೆ ಅಷ್ಟೊಂದು ಹತ್ತಿ ತುರುಕಿದ್ದು ಹಲ್ಲಿಗೋಸ್ಕರ ಅಲ್ಲ ಎಂದು ನನಗೆ ಈಗಲೂ ಗುಮಾನಿ.

ವಿಷಯ ಇಷ್ಟೆ. ಆರ್‌ಎನ್‌ಎ ಎಂದರೆ ಜೀವಕೋಶದೊಳಗಿನ ಒಂದು ಉದ್ದನೆಯ ಎಳೆ. ಅದರ ನಡುವೆ ಕೆಲವೊಮ್ಮೆ ಬೇಡದ ತುಂಡು ಇರುತ್ತದೆ. ಅದನ್ನು ಕತ್ತರಿಸಿ ಎರಡೂ ಕಡೆ ಜೋಡಿಸಲು ಸಾಮಾನ್ಯವಾಗಿ ಪ್ರೋಟೀನುಗಳು ಬರಬೇಕು. ಆದರೆ ಕೆಲವು ಎಳೆಗಳಿಗೆ ಯಾರ ಹಂಗೂ ಇಲ್ಲ! ನಡುವಿನ ತುಂಡೇ ಮಡಚಿಕೊಂಡು ತನ್ನ ಎರಡೂ ಪಕ್ಕದ ಎಳೆಯ ತುದಿಗಳನ್ನು ಹತ್ತಿರ ತರುತ್ತದೆ. ಗ್ವಾನೋಸಿನ್ ಎಂಬ ಪುಟ್ಟ ಅಣು ಬಂದು ತುಂಡಿನ ಒಂದು ಕೊನೆಗೆ ಅಂಟಿಕೊಂಡಾಗ ಆ ಕಡೆಯ ಕೊಂಡಿ ಬಿಡುತ್ತದೆ. ಹೀಗೆ ಬಿಡುಗಡೆಯಾದ ಎಳೆಯ ತುದಿ ತುಂಡಿನ ಆಚೆ ಕಡೆಯ ಕೊಂಡಿಯನ್ನೂ ಬಿಡಿಸಿ, ಅಲ್ಲಿನ ತುದಿಯನ್ನು ತಾನು ಹಿಡಿದುಕೊಳ್ಳುತ್ತದೆ. ತುಂಡು ಹೊರಗೆ!

ಇದನ್ನು ಅತ್ತೆ ನನ್ನ ತಂಗಿಯ ಮದುವೆಯಲ್ಲಿ, ಊಟದ ಪಂಕ್ತಿಯಲ್ಲೇ ಮಾಡಿ ತೋರಿಸಿಬಿಟ್ಟರು. ಎಲೆಗೆ ಉಪ್ಪು, ಕೋಸಂಬರಿ ಬಿದ್ದಿತ್ತು, ಅನ್ನ ಬರುವುದು ತಡವಾಗಿತ್ತು. ಅತ್ತೆ ಬಿಟ್ಟಾರೆಯೇ?

"ಎಲ್ಲರೂ ಕೈ ಕೈ ಹಿಡ್ಕೊಳ್ಳಿ!"

ಹಿಡಿದುಕೊಂಡರು. ಕೋಸಂಬರಿ ಬಡಿಸುತ್ತಿದ್ದವನು ಗ್ವಾನೋಸಿನ್ ಆದ. ನಡುವೆ ಕೂತಿದ್ದವರನ್ನು ತೋರಿಸಿ, "ನೀವು ಬೇಡದ ತುಂಡು, ಏಳಿ," ಎಂದರು ಅತ್ತೆ. ಪಾಪ, ಎದ್ದರು. ಮದುವೆಮನೆಯಲ್ಲಿ ಖಾಲಿಯಾದ ಎಲೆ ಖಾಲಿ ಉಳಿದೀತೆ? ಹಿಂದೆ ಕಾಯುತ್ತಿದ್ದವರು ಕಣ್ಣು ಮಿಟುಕಿಸುವುದರೊಳಗೆ ಕೂತು, ಕೋಸಂಬರಿಯನ್ನೂ ಮುಗಿಸಿದರು!

ಎದ್ದವರಲ್ಲಿ ಒಬ್ಬರು ಮೇಗುಂದದವರು, ಮದುಮಗನ ಸೋದರಮಾವ. ತಂದೆಯಿಲ್ಲದ ಹುಡುಗನನ್ನು ಸಾಕಿದವರು, ಎರಡೂ ಮನೆಗೆ ಓಡಾಡಿ ಈ ಸಂಬಂಧ ಕೂಡಿಸಿದವರು.

"ನಾನು ಬೇಡದ ತುಂಡಾ?" ಎಂದವರೇ ಊಟ ಮಾಡದೆ ಹೊರಟುಹೋದರು.

ಅಲ್ಲಿಂದಾಚೆಗೆ ಅವರು ಅಳಿಯನ ಮನೆಯ ಮೆಟ್ಟಿಲು ಹತ್ತಲಿಲ್ಲ. ಅಳಿಯ ಮಂಕಾದ. ಬಂದ ಕೂಡಲೇ ಮನೆ ಒಡೆದವಳು ಎಂಬ ಹೆಸರು ತನಗೇ ಬಂತಲ್ಲ ಎಂದು ತಂಗಿ ಫೋನಿನಲ್ಲಿ ಅತ್ತಳು.

"ಹೋಗಿ ತಪ್ಪಾಯ್ತು ಅನ್ನು, ಅಕ್ಕಾ," ಎಂದರು ಅಪ್ಪ.

"ತಪ್ಪೆಂತದು? ಅವರಿಗೆ ಅರ್ಥ ಆಗಿಲ್ಲ ಅಷ್ಟೆ. ಅರ್ಥ ಮಾಡ್ಸೇ ಬರ್ತೀನಿ! ಗಾಡಿ ತೆಗಿ ಮಾರಾಯ!" ಎಂದು ಅತ್ತೆ ನನ್ನನ್ನು ಎಬ್ಬಿಸಿದರು.

ಮೇಗುಂದದ ಮನೆಯ ಜಗಲಿಯಲ್ಲಿ ಸೋದರಮಾವ "ಬನ್ನಿ" ಎಂದರು, ಮುಖ ನೋಡಲಿಲ್ಲ. ಅತ್ತೆ ಬಟ್ಟೆ ಒಣಗಿಸುವ ಹಗ್ಗವನ್ನೇ ಬಿಚ್ಚಿ, ಮಡಚಿ, ಮೊದಲಿನಿಂದ ಶುರು ಮಾಡಿದರು. ಮಾವ ಎಲೆಯಡಿಕೆಯ ಕವಳ ಹಾಕಿಕೊಂಡು ಕೇಳುತ್ತ ಕೂತರು. ಇನ್ನೇನು "ಅರ್ಥ ಆಯ್ತು" ಎಂದು ನಮ್ಮನ್ನು ಸಾಗಹಾಕುತ್ತಾರೆ ಎಂದುಕೊಂಡೆ.

ಅವರು ಎದ್ದು ಹೋಗಿ ಕವಳ ಉಗಿದು ಬಂದರು. "ಅಲ್ಲ ಮೇಡಂ, ಮಡಚ್ಕೊಂಡಿದ್ದು ಆ ತುಂಡು. ಎರಡು ಕಡೆಯವರನ್ನ ಹತ್ರ ತಂದಿದ್ದೂ ಅದೇ. ಅವ್ರನ್ನ ಸೇರ್ಸಿ ತಾನು ಹೋಯ್ತು. ಹಂಗಾದ್ರೆ ಅದು ಬೇಡದ್ದು ಹೆಂಗಾಯ್ತು?"

ಅತ್ತೆ ಕೈಯಲ್ಲಿದ್ದ ಹಗ್ಗವನ್ನು ಬಿಡಿಸಿ ಮತ್ತೊಮ್ಮೆ ಮಡಚಿ ನೋಡಿದರು. ಕಣ್ಣು ತುಂಬಿತು.

"ಇಷ್ಟು ವರ್ಷ ಎಲ್ಲರೂ ಅರ್ಥ ಆಯ್ತು ಅಂದ್ರು. ಪ್ರಶ್ನೆ ಕೇಳಿದ್ದು ನೀವೊಬ್ರೇ," ಎಂದರು. ಆಮೇಲೆ ಮೆಲ್ಲಗೆ, "ತಪ್ಪಾಯ್ತು. ಬೇಡದ್ದು ಅನ್ನಬಾರದಿತ್ತು ನಾನು."

ಅತ್ತೆ ಯಾರೆದುರೂ ಸೋತದ್ದನ್ನು ನಾನು ಕಂಡಿರಲಿಲ್ಲ. ಮಾವ ಕಣ್ಣೊರೆಸಿಕೊಂಡು, ಅಲ್ಲಿಂದಲೇ ನನ್ನ ತಂಗಿಗೆ ಫೋನ್ ಮಾಡಿದರು.

"ಕೂಸೇ, ನಾಳೆ ಬರ್ತೀನಿ. ಇಬ್ರೂ ಮನೇಲಿರಿ, ನಿಮಗೊಂದು ಪಾಠ ಹೇಳೋದಿದೆ."