ಮಾಸ್ತರ ಟ್ರಂಕಿನೊಳಗಿನ ನಾಟಕ

ಮಾರ್ಚ್ ಹನ್ನೆರಡು, ಮಂಗಳವಾರ. ಬೆಳಿಗ್ಗೆ ಹತ್ತಕ್ಕೇ ಬಿಸಿಗಾಳಿ, ಆಕಾಶದಲ್ಲಿ ಹುಡುಕಿದರೂ ಮೋಡವಿಲ್ಲ. ಶಾಲೆಗೆ ರಜೆ ಹಾಕಿ ಆದೋನಿಯಲ್ಲಿ ಪೆದ್ದಕಡುಬೂರಿನ ಬಸ್ಸು ಹತ್ತಿದೆ. ನಾನು ಹೈಸ್ಕೂಲಿನ ಕನ್ನಡ ಮೇಷ್ಟ್ರು. ಬಿಡುವಿನಲ್ಲಿ ನಮ್ಮ ಗಡಿ ಸೀಮೆಯ ಹಳ್ಳಿ ನಾಟಕಗಳ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೆ. ನಾಟಕದ ಬೆನ್ನು ಹತ್ತಿದವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಪರದೆ ಏಳುವ ಮೊದಲೂ ಬಿದ್ದ ಮೇಲೂ ಏನಾದರೊಂದು ನಡೆಯುತ್ತಲೇ ಇರುತ್ತದೆ. ನೆನಪಿದ್ದಷ್ಟು ಬರೆದಿಡುತ್ತೇನೆ.

ಆರು ವರ್ಷದ ರಿಹರ್ಸಲ್ಲು

ಆ ದಾರಿಯ ಒಂದು ಹಳ್ಳಿಯಲ್ಲಿ ನಾಟಕದ ಮಾಸ್ತರೊಬ್ಬರಿದ್ದಾರೆ. ಎಪ್ಪತ್ತು ದಾಟಿದೆ. ಕುರಿ ಸಾಕುವ ಮನೆತನ, ಹಾರ್ಮೋನಿಯಂ ಕಲಿತದ್ದು ಸ್ವಂತ. ನಲವತ್ತು ವರ್ಷದ ಹಿಂದೆ ಒಂದು ನಾಟಕ ಬರೆದರು. ಒಬ್ಬ ರಾಜ, ಒಬ್ಬ ರಾಣಿ, ರಾಜ್ಯ ಕಸಿಯಲು ನೋಡುವ ಸೇನಾಪತಿ. ಸುತ್ತಲಿನ ಹಳ್ಳಿಗಳು ಅದನ್ನು ಇನ್ನೂ ಆಡುತ್ತವೆ. ಪೂರ್ತಿ ಪ್ರತಿ ಇರುವುದು ಒಂದೇ, ಮಾಸ್ತರ ಟ್ರಂಕಿನಲ್ಲಿ. ಅದು ಸಿಗದಿದ್ದರೆ ನನ್ನ ಪ್ರಬಂಧದ ಮುಖ್ಯ ಅಧ್ಯಾಯವೇ ಇಲ್ಲ. ವಿಶ್ವವಿದ್ಯಾಲಯದವರು ಜೂನ್ ಕೊನೆಗೆ ಸಲ್ಲಿಸದಿದ್ದರೆ ಹೆಸರು ತೆಗೆಯುತ್ತೇವೆ ಎಂದು ಪತ್ರ ಬರೆದಿದ್ದರು.

"ಪುಸ್ತಕ ಓದಾಕ ಅಲ್ಲ ಸಾರ್, ಆಡಾಕ ಐತಿ," ಎಂದರು ಮಾಸ್ತರು. "ಪಾರ್ಟು ತಗೊಂಡವಗ ಅಷ್ಟ ಕೊಡೋದು. ನಿಮ್ದು ಯಾವ ಪಾರ್ಟು?"

"ಪಾರ್ಟು ಇಲ್ಲ ಮಾಸ್ತರ. ಪಿಎಚ್‌.ಡಿ."

"ಎಷ್ಟು ದಿನದಿಂದ ಮಾಡಾಕತ್ತೀರಿ?"

"ಆರು ವರ್ಷ ಆತು."

ಮಾಸ್ತರು ನನ್ನನ್ನು ಮರುಕದಿಂದ ನೋಡಿದರು. "ನಮ್ಮ ಕುರಿ ಕಾಯವ ಮೂರು ತಿಂಗಳಾಗ ರಾಜನ ಪಾರ್ಟು ಕಲೀತಾನ. ನಿಮಗ ಕಲಿಸಾವ ಸರಿ ಇಲ್ಲ ಬಿಡ್ರಿ."

ಉತ್ತರವಿಲ್ಲದ ರಾಜ

ಪುಸ್ತಕ ಸಿಗಲಿಲ್ಲ. ನಟರ ಮನೆ ಮನೆ ತಿರುಗಿದೆ. ಪ್ರತಿ ನಟನ ಬಳಿಯೂ ಅವನ ಪಾರ್ಟಿನ ಪ್ರತಿ ಇರುತ್ತದೆ. ಅದರಲ್ಲಿ ಅವನ ಮಾತುಗಳಷ್ಟೇ, ಎದುರಿನವರ ಮಾತಿಲ್ಲ. ಎಲ್ಲ ಪಾರ್ಟುಗಳನ್ನು ಕೂಡಿಸಿದರೆ ನಾಟಕವಾಗುತ್ತದೆ ಎಂದು ನನ್ನ ಲೆಕ್ಕ.

ಮೊದಲು ಸಿಕ್ಕಿದ್ದು ರಾಜನದು. ಅದನ್ನು ಗಡಿಯಾಚೆ ವಿಶ್ವವಿದ್ಯಾಲಯಕ್ಕೆ ಒಯ್ದು ನನ್ನ ಗೈಡಿನ ಮುಂದಿಟ್ಟೆ. ಅವರು ಎರಡು ಹಾಳೆ ತಿರುವಿ, "ಇದು ತೆಲುಗು. ತೆಲುಗು ವಿಭಾಗ ಮೇಲಿನ ಮಹಡಿಯಲ್ಲಿದೆ," ಎಂದರು.

ತಪ್ಪು ಅವರದಲ್ಲ. ನಮ್ಮ ಕಡೆ ಮನೆಯ ಮಾತು ಕನ್ನಡ, ಶಾಲೆಯ ಅಕ್ಷರ ತೆಲುಗು. ಆದ್ದರಿಂದ ಮಾಸ್ತರು ಪಾರ್ಟುಗಳನ್ನು ತೆಲುಗು ಲಿಪಿಯಲ್ಲಿ ಬರೆದುಕೊಡುತ್ತಾರೆ. "ಕೇಳಿ ಸರ್," ಎಂದು ಓದಿದೆ.

"ರಾಣಿ, ಕೋಟೆಯ ಬಾಗಿಲು ತೆರೆದವರು ಯಾರು? ನನ್ನ ಖಡ್ಗವೆಲ್ಲಿ? ನನ್ನ ನೆರಳೂ ನನ್ನನ್ನು ಬಿಟ್ಟು ನಡೆಯಿತೇ? ಹೇಳು, ನಾನು ಇನ್ನೂ ರಾಜನೇ?"

ಗೈಡು ನೆಟ್ಟಗೆ ಕುಳಿತರು. ಪಕ್ಕದ ಕೋಣೆಯ ಇಬ್ಬರು ಪ್ರಾಧ್ಯಾಪಕರು ಬಾಗಿಲಿಗೆ ಬಂದು ನಿಂತರು. ಅಂಥ ಕನ್ನಡ ಹೊಲದ ಬದುವಿನಲ್ಲಿ ಕೂತು ಬರೆದದ್ದು ಎಂದು ಹೇಳುವಾಗ ನನ್ನ ದನಿ ಬೇಕಾದ್ದಕ್ಕಿಂತ ದೊಡ್ಡದಾಯಿತು.

"ಅದ್ಭುತ," ಎಂದರು ಗೈಡು. "ಪ್ರಶ್ನೆಯ ಮೇಲೆ ಪ್ರಶ್ನೆ, ಒಂದಕ್ಕೂ ಉತ್ತರವಿಲ್ಲ. ಅಪ್ಪಟ ಅಸಂಗತ ನಾಟಕ. ಹಳ್ಳಿಯವನಿಗೆ ಬದುಕಿನ ಶೂನ್ಯ ಹೇಗೆ ಹೊಳೆಯಿತು ನೋಡಿ. ಇದರ ಮೇಲೆ ಒಂದು ಅಧ್ಯಾಯ ಬರೆಯಿರಿ."

"ಶೂನ್ಯ ಅಲ್ಲ ಸರ್," ಎಂದೆ. "ರಾಣಿಯ ಪಾರ್ಟು ಇನ್ನೂ ಸಿಕ್ಕಿಲ್ಲ."

ಮಾಸ್ತರ ಬೆಲೆ

ಉಳಿದವರ ಪಾರ್ಟುಗಳೆಲ್ಲ ಸಿಕ್ಕವು, ರಾಣಿಯದು ಮಾತ್ರ ಸಿಗಲಿಲ್ಲ. ವಿಚಾರಿಸಿದರೆ, ಯಾವ ಹಳ್ಳಿಯಲ್ಲಿ ಆಡಿದರೂ ನಲವತ್ತು ವರ್ಷ ರಾಣಿಯ ವೇಷ ಹಾಕಿದವರು ಮಾಸ್ತರೇ. ತಮ್ಮ ಮಾತು ತಮಗೆ ಬಾಯಿಪಾಠ, ಪ್ರತಿ ಬರೆದೇ ಇಲ್ಲ. ಅದಿದ್ದದ್ದು ಟ್ರಂಕಿನ ಪುಸ್ತಕದಲ್ಲಿ ಮಾತ್ರ. ಈ ವರ್ಷ ಮಂಡಿ ನೋವಿನಿಂದ ಅವರು ವೇಷ ಹಾಕುವಂತಿರಲಿಲ್ಲ.

ಮತ್ತೆ ಹೋದೆ. ಮಂತ್ರಾಲಯದ ಪ್ರಸಾದ ಒಯ್ದಿದ್ದೆ. ಮಾಸ್ತರು ಅದನ್ನು ಕಣ್ಣಿಗೊತ್ತಿಕೊಂಡು ತಿಂದರು. ಟ್ರಂಕಿನ ಬೀಗ ಮುಟ್ಟಲಿಲ್ಲ.

"ರೊಕ್ಕ ಕೊಡತೀನಿ ಅಂದವರು ಭಾಳ ಮಂದಿ ಬಂದಾರ. ನನಗ ರೊಕ್ಕ ಬ್ಯಾಡ," ಎಂದರು. ಆಮೇಲೆ ತಮಗೆ ಬೇಕಾದದ್ದು ಏನೆಂದು ಹೇಳಿದರು. ನಾನು ಒಂದು ದಿನ ಸಮಯ ಕೇಳಿ ಮನೆಗೆ ಬಂದೆ.

ಹೆಂಡತಿಗೆ ಹೇಳಿದೆ. ಆಕೆ ಕೈಯಲ್ಲಿದ್ದ ರೊಟ್ಟಿಯ ಹಿಟ್ಟನ್ನು ಪರಾತದಲ್ಲಿ ಬಿಟ್ಟು ಬಂದು ನನ್ನ ಮುಖವನ್ನು ಆ ಕಡೆಯಿಂದೊಮ್ಮೆ, ಈ ಕಡೆಯಿಂದೊಮ್ಮೆ ನೋಡಿದಳು.

"ಕೊಟ್ಟುಬಿಡ್ರಿ," ಎಂದಳು. "ಅದೇನು ಮತ್ತ ಬರತೈತಿ. ಪುಸ್ತಕ ಬರಂಗಿಲ್ಲ."

ಸಾಯದ ಸೇನಾಪತಿ

ಯುಗಾದಿಯ ಮರುದಿನ ನಾಟಕ. ಎಲ್ಲವನ್ನೂ ಬಹಳ ಹತ್ತಿರದಿಂದ ಕಂಡೆ.

ನಮ್ಮ ಕಡೆ ಪಾರ್ಟು ಬೇಕೆಂದವರೇ ನಾಟಕದ ಖರ್ಚು ಹಾಕಬೇಕು. ಪಾರ್ಟು ದೊಡ್ಡದಾದಷ್ಟೂ ಪಾಲು ದೊಡ್ಡದು. ಈ ಸಲ ಎಲ್ಲರಿಗಿಂತ ಹೆಚ್ಚು ಹಾಕಿದವನು ಸೇನಾಪತಿ, ಊರಿನ ಹತ್ತಿ ವ್ಯಾಪಾರಿ. "ಇಷ್ಟು ಕೊಟ್ಟು ಸುಮ್ನ ಸಾಯಾಕ ಆಗತೈತೇನು?" ಎಂದು ತಕರಾರು ತೆಗೆದು, ಇರಿತ ಬಿದ್ದ ಮೇಲೆ ಹಾಡಲು ನಾಲ್ಕು ಪದ್ಯ ಬರೆಸಿಕೊಂಡಿದ್ದ.

ರಾಜ ಕಠಾರಿಯಿಂದ ಇರಿದು, ಕತ್ತಿ ಮೇಲೆತ್ತಿ ನಿಂತ. ಸೇನಾಪತಿ ಬಿದ್ದು, ಬಿದ್ದಲ್ಲಿಂದಲೇ ಹಾಡಿದ. ಕಂಠ ನಿಜಕ್ಕೂ ಒಳ್ಳೆಯದು. ಜನ ಒನ್ಸ್ ಮೋರ್ ಅಂದರು. ಎರಡನೆಯ ಸಲ ಹಾಡುವಾಗ ಪೆದ್ದಹರಿವಾಣದಿಂದ ಬಂದಿದ್ದ ಅವನ ಬೀಗರು ಶಾಲು, ಹಾರ ಹಿಡಿದು ರಂಗಕ್ಕೇ ಬಂದರು. ಸೇನಾಪತಿ ಎದೆಯಲ್ಲಿನ ಕಠಾರಿಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಎದ್ದು ಹಾರ ಹಾಕಿಸಿಕೊಂಡ, ಬೀಗರ ಕಾಲಿಗೆ ನಮಸ್ಕರಿಸಿದ, ಮತ್ತೆ ಮೊದಲಿನ ಜಾಗದಲ್ಲೇ ಬಿದ್ದುಕೊಂಡು ಮೂರನೆಯ ಪದ್ಯಕ್ಕೆ ಶ್ರುತಿ ಕೇಳಿದ.

ಪೂರ್ವದಲ್ಲಿ ಬೆಳಕು ಹರಿದಿತ್ತು. ಒಬ್ಬರೂ ಎದ್ದು ಹೋಗಿರಲಿಲ್ಲ. ಪಟ್ಟಣದ ಯಾವ ಸಭಾಂಗಣದಲ್ಲೂ ಅಂಥ ಪ್ರೇಕ್ಷಕರನ್ನು ನಾನು ಕಂಡಿಲ್ಲ. ಆದರೆ ರಾಜ ಕುರಿ ಸಾಕುವವನು. ನೆತ್ತಿಯ ಮೇಲೆ ಎತ್ತಿದ್ದ ಕತ್ತಿ ಇಳಿಸಿ, ಬಗ್ಗಿ, ಮೈಕಿಗೆ ಕೇಳುವಂತೆಯೇ ಹೇಳಿದ:

"ಮಾಮಾ, ಲಗೂನ ಸಾಯಿ. ಕುರಿ ಬಿಡೋ ಹೊತ್ತಾತು."

ಸೇನಾಪತಿ ಸತ್ತ ಮೇಲೆ ಮಾಸ್ತರು ಎಲ್ಲರೆದುರು ಪುಸ್ತಕವನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಜೂನಿನಲ್ಲಿ ಪ್ರಬಂಧ ಸಲ್ಲಿಸಿದೆ. ಪೂರ್ತಿ ನಾಟಕ ಅದರ ಅನುಬಂಧದಲ್ಲಿದೆ, ಕನ್ನಡ ಲಿಪಿಯಲ್ಲಿ.

ಮೌಖಿಕ ಪರೀಕ್ಷೆ

ವೈವಾಕ್ಕೆ ಹೊರಗಿನಿಂದ ಬಂದ ಪರೀಕ್ಷಕರು ಬಿಗಿ ಎಂದು ಹೆಸರಾದವರು. ಗೈಡು ಮೊದಲೇ ಎಚ್ಚರಿಸಿದ್ದರು. ಆ ಹಿರಿಯರು ಒಂದು ಗಂಟೆ ಕೇಳಿದರು, ನಾನು ಉತ್ತರಿಸಿದೆ. ಕೊನೆಗೆ ಪ್ರಬಂಧದ ಒಂದು ಫೋಟೋ ತೆರೆದು ಮೇಜಿನ ಮೇಲಿಟ್ಟರು. ಜರಿಸೀರೆ, ಡಾಬು, ಕಿರೀಟ, ರಾಣಿಯ ಫೋಟೋ.

"ರಾಜನ ಸಂದರ್ಶನವಿದೆ, ಸೇನಾಪತಿಯದಿದೆ, ತಬಲದವನದೂ ಇದೆ. ಈಕೆಯದು ಒಂದು ಮಾತಿಲ್ಲ. ಹೆಣ್ಣಿನ ದನಿಯನ್ನು ನೀವು ಪೂರ್ತಿ ಕಡೆಗಣಿಸಿದ್ದೀರಿ. ಇದು ಗಂಭೀರ ಲೋಪ."

ಗೈಡು ನನ್ನ ಕಡೆ ನೋಡಿದರು. ನಾನು ಫೋಟೋದ ಕಡೆ ನೋಡಿದೆ.

"ಕೇಳಿದರೂ ಆಕೆ ಮಾತನಾಡಲಿಲ್ಲವೇ?"

"ಸ್ವಭಾವತಃ ಮಾತು ಕಡಿಮೆ, ಸರ್."

"ಯಾವ ಊರು?"

"ಆದೋನಿ."

"ನಟನೆ?"

ಅಲ್ಲಿ ಮಾತ್ರ ಸುಮ್ಮನಿರಲು ಆಗಲಿಲ್ಲ. "ಎರಡು ಸಲ ಒನ್ಸ್ ಮೋರ್ ಆಯಿತು ಸರ್. ಊರಿನ ಮುದುಕಿಯೊಬ್ಬಳು ರಂಗಕ್ಕೆ ಬಂದು ದೃಷ್ಟಿ ತೆಗೆದಳು."

ಅವರು ಕನ್ನಡಕ ತೆಗೆದರು. ದನಿ ಇಳಿಯಿತು. "ಅದಿರಲಿ. ನನ್ನ ಸಂಶೋಧನೆಯ ಕಾಲದಲ್ಲಿ ಮೂರು ಸಲ ಆ ಮಾಸ್ತರ ಬಾಗಿಲಿಗೆ ಹೋಗಿದ್ದೆ. ಶಾಲು ಹೊದಿಸಿದೆ, ಹಣ ಎಂದೆ, ಅವರ ಹಾರ್ಮೋನಿಯಂ ರಿಪೇರಿ ಮಾಡಿಸುತ್ತೇನೆ ಎಂದೆ. ಪುಸ್ತಕದ ರಟ್ಟನ್ನೂ ತೋರಿಸಲಿಲ್ಲ. ನಿಜ ಹೇಳಿ, ಅದಕ್ಕೆ ನೀವು ಕೊನೆಗೆ ಏನು ಕೊಟ್ಟಿರಿ?"

ನಾನು ಎದ್ದು ಹೋಗಿ ಫೋಟೋದಲ್ಲಿನ ರಾಣಿಯ ಮೇಲ್ದುಟಿಯ ಮೇಲೆ ಬೆರಳಿಟ್ಟೆ.

"ಇಪ್ಪತ್ತೆಂಟು ವರ್ಷ ಇಲ್ಲಿದ್ದ ಮೀಸೆ, ಸರ್."