ಉಮಾಮಹೇಶ್ವರ ಮೇಷ್ಟ್ರ ಶ್ವಾಸಕೋಶ

ಸ್ಟಾಫ್ ರೂಮಿನಲ್ಲಿ ಬಾಯಿ ತಪ್ಪಿ ಆಡಿದ ಒಂದು ಮಾತು ಉಮಾಮಹೇಶ್ವರ ಮೇಷ್ಟ್ರ ಕುತ್ತಿಗೆಗೆ ಬಂತು. "ಕಷ್ಟ ಇರೋದು ಕನ್ನಡ ಕಲಿಸೋದ್ರಲ್ಲಿ ಕಣ್ರೀ. ವಿಜ್ಞಾನಕ್ಕೇನು, ಪುಸ್ತಕದಲ್ಲಿದ್ದದ್ದು ಓದಿ ಹೇಳಿದ್ರೆ ಮುಗೀತು" ಎಂದು ಶುಕ್ರವಾರ ಹೇಳಿದ್ದರು. ಸೋಮವಾರ ಬೆಳಿಗ್ಗೆ ವಿಜ್ಞಾನದ ಮೇಷ್ಟ್ರು ಟೈಫಾಯ್ಡ್ ಎಂದು ರಜೆ ಚೀಟಿ ಕಳಿಸಿಬಿಟ್ಟರು. ಇನ್ಸ್‌ಪೆಕ್ಟರು ಶಾಲೆಯ ತಪಾಸಣೆಗೆ ಬರುವುದೂ ಅದೇ ದಿನ.

ಹೆಡ್‌ಮಿಸ್ ಗಿರಿಜಾಂಬಾ ಕನ್ನಡಕದ ಮೇಲಿಂದ ನೋಡಿದರು. "ಓದಿ ಹೇಳಿದ್ರೆ ಮುಗೀತು ಅಂದ್ರಲ್ಲ, ಹೇಳಿ. ಮೂರು ಗಂಟೆಗೆ ಎಂಟನೇ ಕ್ಲಾಸು, ಉಸಿರಾಟದ ಪಾಠ. ಬರೀ ಓದೋದಲ್ಲ, ಏನಾದ್ರೂ ತೋರಿಸ್ಬೇಕು. ನಿಮ್ಮನ್ನ ಖಾಯಂ ಮಾಡೋ ಫೈಲೂ ಅವ್ರ ಕೈಯಲ್ಲೇ ಇದೆ."

ಅದು ತೊಂಬತ್ತೆಂಟನೇ ಇಸವಿಯ ಜನವರಿ. ಮೂಡಿಗೆರೆಗೆ ಬಂದು ಮೂರು ವರ್ಷವಾಗಿದ್ದರೂ ಮೇಷ್ಟ್ರ ಕೆಲಸ ಮಾತ್ರ ಇನ್ನೂ ತ್ರಿಶಂಕು ಸ್ಥಿತಿಯಲ್ಲಿತ್ತು. ಅವರು ಪುಸ್ತಕ ಬಿಡಿಸಿ ಕೂತರು. ಮೂಗು, ಗಂಟಲು, ಧ್ವನಿಪೆಟ್ಟಿಗೆ, ಶ್ವಾಸನಾಳ, ಅದು ಎರಡಾಗಿ ಒಡೆದು ಎರಡು ಶ್ವಾಸಕೋಶ, ಒಳಗೆ ಲೆಕ್ಕವಿಲ್ಲದಷ್ಟು ಗಾಳಿಗೂಡು. ಕೆಳಗೆ ವಪೆ ಎಂಬ ಸ್ನಾಯುವಿನ ಪರದೆ. ಅದು ಕೆಳಗಿಳಿದರೆ ಗಾಳಿ ಒಳಕ್ಕೆ, ಮೇಲೇರಿದರೆ ಹೊರಕ್ಕೆ. ಓದುತ್ತ ಓದುತ್ತ ಒಂದು ಅನಾಹುತವಾಯಿತು. ಹುಟ್ಟಿದಾಗಿನಿಂದ ತಾನಾಗಿಯೇ ನಡೆಯುತ್ತಿದ್ದ ಉಸಿರಾಟದ ಮೇಲೆ ಅವರ ಗಮನ ಹರಿಯಿತು. ಗಮನ ಹರಿದದ್ದೇ ತಡ, ಆ ಕೆಲಸವನ್ನು ಇನ್ನು ತಾವೇ ಮಾಡಬೇಕು ಅನ್ನಿಸತೊಡಗಿತು. ಎಳೆದುಕೊಂಡರೆ ಬಿಡಲು ಮರೆಯುವರು, ಬಿಟ್ಟರೆ ಎಳೆಯಲು ಮರೆಯುವರು. ಎದೆ ಪಂಕ್ಚರಾದ ಜೀಪಿನ ಟೈರಿನಂತೆ ಒಂದೇ ಸಮನೆ ಸುಯ್ಯೆನ್ನುತ್ತಿತ್ತು.

ಬೀರುವಿನಲ್ಲಿದ್ದ ಉಸಿರಾಟದ ಚಾರ್ಟು ಬಿಡಿಸಿದರೆ ಗೆದ್ದಲು ಅದರ ಪಾಠ ಮೊದಲೇ ಮುಗಿಸಿತ್ತು. ಮೇಲೆ ಎರಡು ಹೊಳ್ಳೆ, ಕೆಳಗೆ ವಪೆ, ನಡುವೆ ಆಕಾಶ.

"ಇಷ್ಟಕ್ಕೆಲ್ಲ ಯಾಕೆ ಬೆವರ್ತೀರಿ ಮಾರಾಯ್ರೆ?" ಎಂದ ಡ್ರಿಲ್ ಮೇಷ್ಟ್ರು ಯಶವಂತ. "ಮೂರು ಗಂಟೆಗೆ ನಿಮ್ಮ ಒಂಬತ್ತನೇ ಬಿ ಯಲ್ಲಿ ನಾನು ಕೂತ್ಕೊಳ್ತೀನಿ. ನೀವು ಅಬ್ದುಲ್ ಮಜೀದ್ ಸಾಹೇಬ್ರ ಮಟನ್ ಅಂಗಡಿಗೆ ಹೋಗಿ. ಆಡಿನದ್ದು ಒಂದು ಜೊತೆ ಶ್ವಾಸಕೋಶ ತನ್ನಿ. ಊದಿದ್ರೆ ಬಲೂನಿನ ಹಾಗೆ ಉಬ್ತದೆ."

"ನಾನು? ಮಟನ್ ಅಂಗಡಿಗೆ?"

"ಮತ್ತೆ ಆಡು ಇಲ್ಲಿಗೆ ಬಂದು ಕೊಡ್ತದಾ?"

ಮೊಟ್ಟೆ ಬೇಯುವ ವಾಸನೆಗೇ ದಾರಿ ಬದಲಿಸುತ್ತಿದ್ದ ಮೇಷ್ಟ್ರು ಮಧ್ಯಾಹ್ನದ ಬಿಡುವಿನಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು, ಬಸ್‌ಸ್ಟ್ಯಾಂಡಿನ ಹಿಂದಿನಿಂದ ಕಳ್ಳನಂತೆ ಹೊರಟರು. ಮಜೀದ್ ಸಾಹೇಬರಿಗೆ ಅವರ ಗುರುತು ದೂರದಿಂದಲೇ ಸಿಕ್ಕಿತು. ಸಾಹೇಬರ ಮಗಳು ಜಿಕ್ರಾ ಮೇಷ್ಟ್ರ ಶಿಷ್ಯೆ.

"ಪಾಠಕ್ಕಾ? ಹಂಗಾದ್ರೆ ಕಾಸು ಬ್ಯಾಡ" ಎಂದು ಸಾಹೇಬರು ನಾಳದ ಸಮೇತ ಜೋಡಿ ಕೊಯ್ದು ಕೊಟ್ಟರು. "ಬಾಯಿ ಹಚ್ಚಬ್ಯಾಡಿ ಸಾರ್. ಪಪ್ಪಾಯಿ ಎಲೆ ದಂಟು ಸಿಗಿಸಿ, ದಾರ ಬಿಗಿದು ಊದಿ. ಸ್ವಲ್ಪ ಚಾಕು ತಾಗಿದೆ ಈ ಕಡೆ, ನೋಡ್ಕೊಳ್ಳಿ."

ಕಣ್ಣು ಮುಚ್ಚಿಕೊಂಡು ಕಪ್ಪು ಚೀಲ ಹಿಡಿದು ತಿರುಗಿದರೆ ಎದುರಿಗೇ ಪಕ್ಕದ ಮನೆ ಸರೋಜಮ್ಮ. ಆಕೆಯ ಕಿವಿಗೆ ಬಿದ್ದ ಸುದ್ದಿ ಕೊಟ್ಟಿಗೆಹಾರಕ್ಕೆ ಬಸ್ಸಿಗಿಂತ ಮುಂಚೆ ತಲುಪುತ್ತಿತ್ತು.

"ಮೇಷ್ಟ್ರೇ! ನೀವು ಇಲ್ಲಿ?"

ಮೇಷ್ಟ್ರಿಗೆ ಉಸಿರು ಎಳೆಯುವುದೋ ಬಿಡುವುದೋ ತಿಳಿಯಲಿಲ್ಲ. ಏದುತ್ತ ಏದುತ್ತ, "ಶ್ವಾಸಕೋಶದ ವಿಷಯ, ಸರೋಜಮ್ಮ... ಮೂರು ಗಂಟೆಗೆ ಏನಾಗ್ತದೋ ಗೊತ್ತಿಲ್ಲ... ಮನೇಲಿ ನನ್ನ ಹೆಂಡತಿ ಕಾತ್ಯಾಯಿನಿಗೆ ಮಾತ್ರ ಹೇಳ್ಬೇಡಿ" ಎಂದು ಓಡಿಬಿಟ್ಟರು.

ಮೂರು ಗಂಟೆಗೆ ಎಂಟನೇ ಕ್ಲಾಸಿಗೆ ಕಾಲಿಟ್ಟಾಗ ಕೊನೆಯ ಬೆಂಚಿನಲ್ಲಿ ಆಗಲೇ ಒಬ್ಬರು ಕೂತಿದ್ದರು. ಕಂದು ಕೋಟು, ತೊಡೆಯ ಮೇಲೆ ಕೊಡೆ, ದಪ್ಪ ಮೀಸೆ, ನಗುವಿಲ್ಲದ ಮುಖ. ಮೇಷ್ಟ್ರು ನಡು ಬಗ್ಗಿಸಿ ಕೈಮುಗಿದರು. ಅವರೂ ಗಂಭೀರವಾಗಿ ಕೈಮುಗಿದರು.

ಚೀಲದಿಂದ ಗುಲಾಬಿ ಬಣ್ಣದ ಜೋಡಿ ಹೊರಬಂದಾಗ ಹುಡುಗಿಯರ ಸಾಲು "ಅಯ್ಯಪ್ಪಾ" ಎಂದಿತು. ಮೇಷ್ಟ್ರು ದೇವರನ್ನು ನೆನೆದು ಪಪ್ಪಾಯಿ ದಂಟಿನಲ್ಲಿ ಊದಿದರು. ಬಲಗಡೆಯದು ಸ್ವಲ್ಪವೇ ಉಬ್ಬಿತು. ಎಡಗಡೆಯದು ಉಸ್ಸೆಂದಿತು. ಚಾಕು ತಾಗಿದ ತೂತು! ಅವರ ಹಣೆಯಿಂದ ಬೆವರು ಮೇಜಿನ ಮೇಲೆ ತೊಟ್ಟಿಕ್ಕಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಯಶವಂತ ಓಡಿಬಂದು ತೂತಿಗೆ ಹೆಬ್ಬೆರಳು ಒತ್ತಿ, "ಈಗ ಊದಿ!" ಎಂದ.

ಊದಿದರು. ಎರಡೂ ಒಟ್ಟಿಗೆ ಎದ್ದವು. ನಿದ್ದೆಯಿಂದ ಏಳುವ ಪ್ರಾಣಿಯಂತೆ ನಿಧಾನವಾಗಿ ಅರಳಿ, ದಂಟಿನಿಂದ ಬಾಯಿ ತೆಗೆದೊಡನೆ ಮೆಲ್ಲನೆ ಕುಗ್ಗಿದವು. ಹುಡುಗಿಯರ ಸಾಲು ಮುಂದಕ್ಕೆ ಬಾಗಿತು. ಮೇಷ್ಟ್ರಿಗೇ ರೋಮಾಂಚನವಾಯಿತು. ಇಂಥದ್ದೊಂದು ತಮ್ಮೊಳಗೂ ಹಗಲು ರಾತ್ರಿ ಏಳುತ್ತ ಬೀಳುತ್ತ ಇದೆಯಲ್ಲ!

ಕೊನೆಯ ಬೆಂಚಿನಿಂದ ಪ್ರಶ್ನೆ ಬಂತು. "ಮೇಷ್ಟ್ರೇ, ಏರು ಹತ್ತುವಾಗ ಎದೆಯಲ್ಲಿ ಸಿಳ್ಳೆ ಹೊಡೆದ ಹಾಗೆ ಆಗ್ತದಲ್ಲ. ಅದು ಎಲ್ಲಿಂದ?"

ಪರೀಕ್ಷೆ! ಮೇಷ್ಟ್ರು ಬೆಳಿಗ್ಗೆ ಓದಿದ ಪುಟ ನೆನಪಿಸಿಕೊಂಡರು. "ನಾಳ ಒಡೀತಾ ಒಡೀತಾ ಮರದ ಕೊಂಬೆ ಹಾಗೆ ಸಣ್ಣ ಆಗ್ತದೆ ಸಾರ್. ಆ ಸಣ್ಣ ಕವಲುಗಳು ಊದಿಕೊಂಡು ಇಕ್ಕಟ್ಟಾದ್ರೆ ಗಾಳಿ ಹಾದು ಹೋಗುವಾಗ ಸಿಳ್ಳೆ ಬರ್ತದೆ."

"ಗಾಳಿಗೂಡಿನಲ್ಲಿ ಏನು ನಡೀತದೆ?"

"ಅದರ ಗೋಡೆ ಈರುಳ್ಳಿ ಪೊರೆಗಿಂತ ತೆಳು ಸಾರ್. ಆಚೆ ರಕ್ತ, ಈಚೆ ಗಾಳಿ. ಆಮ್ಲಜನಕ ರಕ್ತಕ್ಕೆ ಹೋಗ್ತದೆ, ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಬರ್ತದೆ."

ಕಂದು ಕೋಟಿನವರು ತಲೆದೂಗಿದರು. ಮೇಷ್ಟ್ರಿಗೆ ಖಾಯಂ ಆದೇಶದ ಮೊಹರು ಕಣ್ಣಿಗೆ ಕಾಣತೊಡಗಿತು. ಹುರುಪಿನಲ್ಲಿ ಮತ್ತೆ ಮತ್ತೆ ಊದಿದರು. ಏಳನೇ ಸಲಕ್ಕೆ ಕರಿಹಲಗೆ ಸುತ್ತತೊಡಗಿ, ಕುರ್ಚಿಯ ಮೇಲೆ ಕುಸಿದರು. ಅದೇ ಹೊತ್ತಿಗೆ ಹೊರಗಿನಿಂದ ಗೋಳು ಕೇಳಿಸಿತು.

"ಅಯ್ಯೋ, ಇವ್ರ ಶ್ವಾಸಕೋಶ ಹೊರಗೆ ತೆಗೆದಿಟ್ಟಿದ್ದಾರಲ್ರೀ!"

ಕಾತ್ಯಾಯಿನಿ ಬಾಗಿಲ ಕಂಬ ಹಿಡಿದು ಅಳುತ್ತಿದ್ದಳು. ಹಿಂದೆ ಸರೋಜಮ್ಮ ಕಷಾಯದ ಫ್ಲಾಸ್ಕ್ ಹಿಡಿದು, "ಮೂರು ಗಂಟೆವರೆಗೆ ಅಂತ ಅವ್ರೇ ಹೇಳಿದ್ರು" ಎಂದು ಸುತ್ತ ಸೇರಿದವರಿಗೆಲ್ಲ ವಿವರಿಸುತ್ತಿದ್ದರು. ಗಂಡ ಎದ್ದು ನಿಂತು, ಅದು ಆಡಿನದ್ದು ಎಂದು ತಿಳಿಸಿ, ಆಕೆ ಅದಕ್ಕೆ ಇನ್ನೂ ಜೋರಾಗಿ ಅತ್ತು, ಎಲ್ಲ ಒಂದು ಹದಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು.

ಮೇಷ್ಟ್ರು ಎದೆಯುಬ್ಬಿಸಿ ಹೆಡ್‌ಮಿಸ್ ಕೋಣೆಗೆ ಹೋದರು. "ಮೇಡಂ, ಇನ್ಸ್‌ಪೆಕ್ಟರಿಗೆ ಪಾಠ ತುಂಬಾ ಹಿಡಿಸ್ತು!"

ಗಿರಿಜಾಂಬಾ ತಲೆಯೆತ್ತಲಿಲ್ಲ. "ಯಾವ ಪಾಠ? ಇನ್ಸ್‌ಪೆಕ್ಟರು ನಿಮ್ಮ ಬಾಗಿಲ ತನಕ ಬಂದ್ರು. ಯಾರೋ ಹೆಂಗಸು ಎದೆ ಬಡ್ಕೊಂಡು ಅಳ್ತಿದ್ರಂತೆ. ಸಾವಿನ ಮನೇಲಿ ಪಾಠ ನೋಡೋದು ಬೇಡ ಅಂತ ಪಕ್ಕದ ಒಂಬತ್ತನೇ ಬಿ ಗೆ ಹೋದ್ರು. ಅಲ್ಲಿ ಈ ಪೀರಿಯಡ್ ಯಾರದ್ದು?"

"ಕನ್ನಡ... ನಂದೇ. ಯಶವಂತ ಕೂತ್ಕೊಳ್ತೀನಿ ಅಂದಿದ್ರು..."

"ಅವರ ಹೆಬ್ಬೆರಳು ನಿಮ್ಮ ಹತ್ರ ಇತ್ತಲ್ಲ." ಹೆಡ್‌ಮಿಸ್ ಕಾಗದ ಮುಂದೆ ತಳ್ಳಿದರು. 'ಕನ್ನಡ ಶಿಕ್ಷಕರು ತರಗತಿಯಲ್ಲಿಲ್ಲ. ಖಾಯಂ ಮಾಡುವ ವಿಷಯ ಮುಂದಿನ ವರ್ಷಕ್ಕೆ.'

"ಮತ್ತೆ ಹಿಂದಿನ ಬೆಂಚಿನಲ್ಲಿ ಕೂತಿದ್ದವರು?"

"ಕಳಸದ ಕಡೆಯ ಪ್ಲಾಂಟರ್ ಸೋಮಶೇಖರಪ್ಪನವರು. ಮೊಮ್ಮಗಳ ಟಿ.ಸಿ.ಗೆ ಬಂದಿದ್ರು. ದಮ್ಮಿನವರು ಪಾಪ, ಬಿಸಿಲಲ್ಲಿ ನಿಲ್ಲೋದು ಬೇಡ ಅಂತ ನಾನೇ ಅಲ್ಲಿ ಕೂರಿಸಿದ್ದೆ."

ಹೊರಗೆ ಬಂದ ಮೇಷ್ಟ್ರನ್ನು ಸೋಮಶೇಖರಪ್ಪನವರು ಮೆಟ್ಟಿಲ ಬಳಿ ತಡೆದು ಎರಡೂ ಕೈ ಹಿಡಿದುಕೊಂಡರು.

"ಮಂಗಳೂರಿನ ಡಾಕ್ಟ್ರೂ ಇಷ್ಟು ಬಿಡಿಸಿ ಹೇಳಿರ್ಲಿಲ್ಲ ಮೇಷ್ಟ್ರೇ. ನಮ್ಮ ಮನೆಯವಳಿಗೆ ಹೊಟ್ಟೆದೇ ತೊಂದರೆ. ಕರ್ಕೊಂಡು ಬರ್ತೀನಿ. ಕರುಳಿನ ಪಾಠ ಯಾವತ್ತು?"