ಯೋ ಬಿಟ್ಟು ಕಲಿತ ಕೊರಿಯನ್

ಇದನ್ನು ಹೇಳದೆ ಇಷ್ಟು ದಿನ ತಳ್ಳಿಕೊಂಡು ಬಂದೆ. ಮೊದಲು ಮಂಡಿನೋವು ಎಂದೆ, ಆಮೇಲೆ ಕನ್ನಡಕ ಸರಿಯಿಲ್ಲ ಎಂದೆ. ಈಗ ಮಂಡಿಯೂ ಕನ್ನಡಕವೂ ಸರಿಯಾಗಿವೆ. ಸರಿಯಾಗದೆ ಉಳಿದಿರುವುದು ನಾನೊಬ್ಬನೇ.

ನಾನು ತುಮಕೂರು ಕಡೆಯವನು. ಓದಿದ್ದು ಹೈಸ್ಕೂಲು. ಮಲಯ್ ದೇಶದ ಕ್ಲಾಂಗ್ ಬಂದರಿನ ಗೋದಾಮಿನಲ್ಲಿ ದುಡಿದು ನಿವೃತ್ತನಾಗಿ, ಈಗ ಹೆಂಡತಿ ಸರೋಜಳೊಂದಿಗೆ ಅಲ್ಲಿಯದೇ ಮಾಂಟ್ ಕಿಯಾರಾ ಬಡಾವಣೆಯಲ್ಲಿ ಮಗನ ಫ್ಲಾಟಿನಲ್ಲಿದ್ದೇನೆ. ಮಗ ಎಲ್ಲರನ್ನೂ ಕೊರಿಯಾ ಪ್ರವಾಸಕ್ಕೆ ಕರೆದೊಯ್ಯುತ್ತೇನೆ ಎಂದಾಗ ನಾನು ಎದ್ದು ನಿಂತು ಘೋಷಿಸಿದೆ. "ಭಾಷೆಯ ಜವಾಬ್ದಾರಿ ನನ್ನದು."

"ಮಲಯ್ ಕಲಿಯೋಕೆ ಇಡೀ ಸರ್ವೀಸ್ ಮುಗಿಸಿದ್ರಿ," ಎಂದಳು ಸರೋಜ. "ಇವತ್ತಿಗೂ ಮಾಮಾಕ್ ಅಂಗಡೀಲಿ ನೀವು ಟೀ ಕೇಳಿದ್ರೆ ಕಾಫಿ ಬರುತ್ತೆ."

ಅವಳ ಮಾತನ್ನು ನಾನು ಕಡತಕ್ಕೆ ಸೇರಿಸಿಕೊಳ್ಳಲಿಲ್ಲ.

ಎದುರು ಫ್ಲಾಟಿನಲ್ಲಿ ಒಂದು ಕೊರಿಯನ್ ಸಂಸಾರ. ಆ ಮನೆಯ ಸೊಸೆ ನನಗೆ ಪಾಠ ಹೇಳಲು ಸಂತೋಷದಿಂದ ಒಪ್ಪಿದರು. ನಾನು ಅವರನ್ನು ಟೀಚರಮ್ಮ ಎನ್ನುತ್ತಿದ್ದೆ. ಅವರಿಗೊಂದು ಆಸೆಯಿತ್ತು. ಕೊರಿಯಾಕ್ಕೆ ಹೋಗುವವರಿಗಾಗಿ ಕೆಳಗಿನ ಹಾಲಿನಲ್ಲಿ ಒಂದು ಕ್ಲಾಸು ತೆರೆಯಬೇಕು. ಬಸ್ಸಿನಲ್ಲಿ ಏನು ಕೇಳಬೇಕು, ಊಟಕ್ಕೆ ಹೇಗೆ ಕೂರಬೇಕು, ಹಿರಿಯರಿಗೆ ಹೇಗೆ ನಮಸ್ಕರಿಸಬೇಕು, ಎಲ್ಲ ಕಲಿಸಬೇಕು. ಲಿಫ್ಟಿನಲ್ಲಿ ಚೀಟಿಯನ್ನೂ ಅಂಟಿಸಿದ್ದರು. ಅಡ್ಡವಿದ್ದದ್ದು ಕೊರಿಯಾದಲ್ಲಿದ್ದ ಅವರ ಮಾವ, ನಿವೃತ್ತ ಹೆಡ್‌ಮಾಸ್ಟರು. ಟ್ರೈನಿಂಗ್ ಇಲ್ಲದವಳು ಭಾಷೆ ಕಲಿಸುವುದೆಂದರೇನು ಎಂಬುದು ಅವರ ಪ್ರಶ್ನೆ. ಅಪ್ಪ ಬಂದು ನೋಡಿ ಒಪ್ಪಿದರೆ ಶುರುಮಾಡು ಎಂದಿದ್ದರು ಗಂಡ. ನೋಡಲು ಒಬ್ಬ ಶಿಷ್ಯ ಬೇಕಲ್ಲ. ಆ ಶಿಷ್ಯ ನಾನು.

ಪಾಠದಲ್ಲಿ ನನಗೆ ಸಿಕ್ಕ ತೊಡಕು ಒಂದೇ. ಕೊರಿಯನ್ನರು ಪ್ರತಿ ಮಾತಿನ ಕೊನೆಗೂ 'ಯೋ' ಹಚ್ಚುತ್ತಾರೆ. ಬನ್ನಿ ಎನ್ನಲೂ ಯೋ, ತಿನ್ನಿ ಎನ್ನಲೂ ಯೋ. ನಮ್ಮ ಕಡೆ ಹಿರಿಯರನ್ನು 'ಯೋ' ಎಂದು ಕರೆದರೆ ಕೆನ್ನೆ ಊದುತ್ತದೆ. ಗೋದಾಮಿನಲ್ಲಿ ಒಮ್ಮೆ ತಮಿಳು ಡ್ರೈವರೊಬ್ಬರಿಗೆ ಬಾಯಿತಪ್ಪಿ 'ಯೋ' ಎಂದು ವಾರವಿಡೀ ಮೆತ್ತಗಿನ ಅನ್ನವನ್ನೇ ಉಂಡವನು ನಾನು. ಆದ್ದರಿಂದ ಕೊರಿಯನ್ ಭಾಷೆಯಿಂದ ಆ ಅಕ್ಷರವನ್ನು ಗೌರವಪೂರ್ವಕವಾಗಿ ತೆಗೆದುಹಾಕಿದೆ. ತೀರಾ ಬೋಳಾಗಿ ಕಂಡ ಕಡೆ ನಮ್ಮ 'ರೀ' ಸೇರಿಸಿದೆ.

"ಅಂಕಲ್, ಯೋ ಅಂದ್ರೆ ಮರ್ಯಾದೆ. ಯೋ ಬಿಟ್ರೆ ಚಿಕ್ಕ ಮಕ್ಕಳ ಹತ್ರ ಮಾತಾಡಿದ ಹಾಗೆ," ಎಂದು ಟೀಚರಮ್ಮ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ್ದರು.

"ತಾತ, ಡೋಂಟ್ ಡ್ರಾಪ್ ದ ಯೋ ಲಾ," ಎಂದು ಮೊಮ್ಮಗಳೂ ಹೇಳಿದ್ದಳು.

ಹೇಳಿದ್ದರು. ನಾನು ಕೇಳಿಸಿಕೊಂಡಿದ್ದೆ. ಚಿಕ್ಕವರು, ಇವರಿಗೇನು ಗೊತ್ತು ಮರ್ಯಾದೆಯ ವಿಚಾರ ಎಂದುಕೊಂಡೆ.

ಮಾವನವರು ಬಂದರು. ಆ ಮನೆಯವರು ನನ್ನನ್ನೂ ಸರೋಜಳನ್ನೂ ಊಟಕ್ಕೆ ಕರೆದರು. ಬಾಗಿಲಲ್ಲೇ ಟೀಚರಮ್ಮ ಪಿಸುಗುಟ್ಟಿದರು, "ಅಂಕಲ್, ಇವತ್ತೊಂದು ದಿನ ಯೋ ಬಿಡಬೇಡಿ, ಪ್ಲೀಸ್." ಕೈಯಲ್ಲಿದ್ದ ಕಿಮ್ಚಿ ಉಪ್ಪಿನಕಾಯಿ ಡಬ್ಬಿಯ ಮುಚ್ಚಳವನ್ನು ತೆಗೆದು ತೆಗೆದು ಹಾಕುತ್ತಿದ್ದರು. ಮುಚ್ಚಳ ಸರಿಯಾಗಿ ಕೂರುತ್ತಿಲ್ಲವೇನೋ ಎಂದುಕೊಂಡೆ.

ಮಾವನವರು ನನಗಿಂತ ಹಿರಿಯರು, ನೆಟ್ಟಗೆ ನಿಂತಿದ್ದರು. ನಾನು ಸೊಂಟ ಬಗ್ಗಿಸಿ, ಯೋವನ್ನು ನುಂಗಿ, "ಅನ್ಯೊಂಗ್ ರೀ" ಎಂದೆ. ರೀ ಅವರಿಗೆ ಅರ್ಥವಾಗಲಿಲ್ಲ. ಅನ್ಯೊಂಗ್ ಅರ್ಥವಾಯಿತು. ಶಾಲೆಯ ಹುಡುಗರು ಗೆಳೆಯನಿಗೆ ಹೇಳುವ ಮಾತದು.

ಅವರು ನಿಂತೇ ಇದ್ದರು. ನಿಂತವರನ್ನು ಕೂರಿಸಬೇಕಲ್ಲ. "ಅಂಜ," ಎಂದೆ. ಅಂದರೆ, ಕೂತ್ಕೋ. ಅವರ ಮನೆ, ಅವರ ಕುರ್ಚಿ.

ಕೊರಿಯಾದಲ್ಲಿ ಮೊದಲ ಭೇಟಿಯಲ್ಲೇ ವಯಸ್ಸು ವಿಚಾರಿಸಬಹುದು ಎಂದು ಪಾಠವಾಗಿತ್ತು. ವಿಚಾರಿಸಿದೆ. ಅಂಗನವಾಡಿಯ ಮಗುವನ್ನು ಕೇಳುವ ಮಾತಿನಲ್ಲಿ ಹೆಡ್‌ಮಾಸ್ಟರರನ್ನು ಕೇಳಿದೆ, ನಿಂಗೆಷ್ಟು ವರ್ಷ ಎಂದು. ಟೀಚರಮ್ಮನ ಗಂಡ ಕೆಮ್ಮಿದರು. ನೀರು ಬೇಕೇನೋ ಎಂದು ಲೋಟವನ್ನು ಒಂದೇ ಕೈಯಲ್ಲಿ ಅವರತ್ತ ತಳ್ಳಿದೆ. ಎರಡೂ ಕೈಯಲ್ಲಿ ಕೊಡಬೇಕೆಂಬುದೂ ಪಾಠವಾಗಿತ್ತು.

"ರೀ, ಎಲ್ಲ ಯಾಕೆ ಹಿಂಗೆ ನೋಡ್ತಾ ಇದಾರೆ?" ಎಂದು ಸರೋಜ ನನ್ನ ತೊಡೆ ಚಿವುಟಿದಳು.

"ನನ್ನ ಉಚ್ಚಾರಣೆ ಹಾಗಿದೆ," ಎಂದೆ.

ಹಿರಿಯರು ಚಮಚ ಎತ್ತುವವರೆಗೆ ಕಾಯಬೇಕಿತ್ತು. ನಾನು ಆಗಲೇ ಎರಡು ತುತ್ತು ಉಂಡು, ಇನ್ನೂ ಮುಟ್ಟದ ಅವರ ತಟ್ಟೆ ತೋರಿಸಿ ಉಪಚಾರ ಮಾಡಿದೆ. "ಮೊಗೊ." ತಿನ್ನು.

ಅವರು ಚಮಚವನ್ನು ಮೆಲ್ಲಗೆ ಬದಿಗಿಟ್ಟರು. ಸೊಸೆಯ ಕಡೆ ತಿರುಗಿ ಏನೋ ಕೇಳಿದರು. ಆಕೆ ತಲೆ ತಗ್ಗಿಸಿ ಕೂತರು. ಎದುರಿಗೆ ಕೂತ ಅತಿಥಿಯತ್ತ ಬೆರಳು ತೋರಿಸಿ ಮಾವನಿಗೆ ಉತ್ತರ ಕೊಡುವವರಲ್ಲ ಅವರು. ಆಗ ಮಾವನವರು ನನ್ನನ್ನೇ ಕೇಳಿದರು, ನಿಧಾನವಾಗಿ, ಮಾತಿನ ಕೊನೆಗೆ ಯೋ ಹಚ್ಚಿ. ಈ ರೀತಿ ಮಾತಾಡಲು ಕಲಿಸಿದ್ದು ಇವಳೇ ಏನು?

ಅಷ್ಟು ಕೊರಿಯನ್ ನನಗೆ ಅರ್ಥವಾಯಿತು. ತಪ್ಪು ಯಾರದೆಂದೂ ಅಷ್ಟರಲ್ಲಿ ಅರ್ಥವಾಗಿತ್ತು. ಇಲ್ಲ, ಅವರು ಸರಿಯಾಗೇ ಹೇಳಿದರು, ನನ್ನದೇ ಹಟ ಎನ್ನಬೇಕಿತ್ತು. ಸರೋಜ ನೋಡುತ್ತಿದ್ದಳು. ಭಾಷೆಯ ಜವಾಬ್ದಾರಿ ಹೊತ್ತ ಗಂಡಸು ಬೆವರುತ್ತಿದ್ದ.

"ನೆ," ಎಂದೆ. ಅಂದರೆ, ಹೌದು. ತಕ್ಕ ಮರ್ಯಾದೆಯೊಂದಿಗೆ, ಸ್ಪಷ್ಟ ಉಚ್ಚಾರಣೆಯಲ್ಲಿ ಆ ದಿನ ನಾನು ಆಡಿದ ಏಕೈಕ ಕೊರಿಯನ್ ಮಾತು ಅದು.

ಟೀಚರಮ್ಮ ಎದ್ದು ಮಾವನಿಗೆ ಬಗ್ಗಿದರು. ಆಮೇಲೆ ನನ್ನ ಕಡೆ ತಿರುಗಿ ನನಗೂ ಬಗ್ಗಿದರು. ತಮ್ಮ ಕಲಿಸುವಿಕೆಯೇ ಸರಿಯಿರಲಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಅನ್ನ ನೋಡುತ್ತ ಕೂತೆ.

"ಅವರೇನು ಕೇಳಿದ್ರು, ನೀವೇನಂದ್ರಿ?" ಮನೆಗೆ ಬಂದು ಸರೋಜ ಕೇಳಿದಳು.

"ಇಲ್ಲಿ ಸೆಖೆ ಜಾಸ್ತಿನಾ ಅಂದ್ರು. ಹೌದು ಅಂದೆ."

ಮರುದಿನ ಲಿಫ್ಟಿನ ಚೀಟಿ ಇರಲಿಲ್ಲ. ಅಂಟಿನ ಗುರುತು ಮಾತ್ರ ಇತ್ತು. ಕ್ಲಾಸು ಶುರುವಾಗಲೇ ಇಲ್ಲ.

ನಾವು ಕೊರಿಯಾಕ್ಕೆ ಹೋಗಿ ಬಂದೆವು. ಅಲ್ಲಿ ನಾನು ಕಂಡಕಂಡವರಿಗೆಲ್ಲ ಯೋ ಎಂದೆ. ಒಂದು ನಾಯಿಗೂ ಎಂದೆ. ಮಾರ್ಕೆಟ್ಟಿನಲ್ಲಿ ಒಬ್ಬ ಮುದುಕಿ ಇಷ್ಟು ಚೆನ್ನಾಗಿ ಯಾರು ಕಲಿಸಿದರು ಎಂದಾಗ, ನನ್ನ ಬೆರಳು ತಾನಾಗಿ, ಇದರಲ್ಲೇ ಕಲಿತೆ ಎಂಬಂತೆ, ಜೇಬಿನ ಫೋನನ್ನು ತೋರಿಸಿತು. ಎರಡನೆಯ ಸಲವೂ ನಾನು ನಾನೇ.

ಈಗಲೂ ಟೀಚರಮ್ಮ ಲಿಫ್ಟಿನಲ್ಲಿ ಸಿಗುತ್ತಾರೆ. ಮೊದಲಿನ ಹಾಗೇ ತಲೆಬಾಗಿಸುತ್ತಾರೆ. "ಕೊರಿಯಾ ಹೇಗಿತ್ತು ಅಂಕಲ್?" ಎಂದು ಮೊನ್ನೆ ಕೇಳಿದರು. ನಾವಿಬ್ಬರೇ ಇದ್ದೆವು, ಇಳಿಯಲು ಇನ್ನೂ ಬೇಕಾದಷ್ಟು ಮಹಡಿಗಳಿದ್ದವು.

"ಚಳಿ," ಎಂದೆ. ಆಮೇಲೆ ಕೆಳಗಿನವರೆಗೂ ಚಳಿಯ ವಿಚಾರವನ್ನೇ ಹೇಳಿದೆ.

ಟೀಚರಮ್ಮ ಎಂದು ಕರೆಯುವ ಯೋಗ್ಯತೆ ನನಗಿಲ್ಲ. ಅವರ ಹೆಸರು ಸೂಜಿನ್.